ಕಾರಿನ ಕೆಳಗೊಂದು ನೊಗ

ಸೋದರಿಯರೇ, ಸಾರಿನ ಪುಡಿಯ ಹದವನ್ನೋ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ಕಾಪಾಡುವ ಬಗೆಯನ್ನೋ ಹುಡುಕುತ್ತ ಪುಟ ತಿರುವುತ್ತಿರುವ ನಿಮಗೆ, ಕಾರಿನ ಅಡಿಯ ಕಬ್ಬಿಣದ ಸರಳಿನ ಮಾತು ಎದುರಾದರೆ ‘ಇವಳಿಗೇನು ಬಂತು?’ ಎನಿಸಬಹುದು. ಹೋದ ವರ್ಷದವರೆಗೆ ನನಗೂ ಹಾಗೇ ಇತ್ತು. ಕಾರು ಎಂದರೆ ಗಂಡಸರ ಬಾಬತ್ತು. ಸೀಟಿನ ಕವರು ಒಗೆಯುವುದು, ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು, ಇಷ್ಟೇ ನನ್ನ ಪಾಲು. ಆದರೆ ಆ ಸರಳಿನಿಂದಾಗಿ ನಮ್ಮತ್ತೆಯವರ ಕಣ್ಣಿಗೇ ಕುತ್ತು ಬರುವಂತಾದಾಗ ನಾನು ಸೆರಗು ಸಿಕ್ಕಿಸಿ ಗ್ಯಾರೇಜಿಗೆ ಹೋಗಬೇಕಾಯಿತು. ಅಲ್ಲಿ ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನಾವು ಮದ್ದೂರಿನವರು. ನಮ್ಮದು ಹಿಂದೆ ಡಿಕ್ಕಿಯಿರುವ ಸೆಡಾನ್ ಕಾರು. ಸೆಕೆಂಡ್‌ಹ್ಯಾಂಡ್ ಕೊಂಡದ್ದು, ನಮ್ಮ ಕೈಗೆ ಬರುವಾಗಲೇ ಸಾಕಷ್ಟು ಓಡಿತ್ತು. ಹೋದ ವರ್ಷ ಶ್ರಾವಣದ ಒಂದು ಶನಿವಾರ ಮುತ್ತತ್ತಿರಾಯನಿಗೆ ಹರಕೆ ತೀರಿಸಲು ಹೊರಟೆವು. ಸ್ಟಿಯರಿಂಗ್ ಹಿಡಿದವನು ಮಗ. ನಮ್ಮವರು, ಅತ್ತೆ, ಮಗಳು, ನಾನು. ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಗೆ ಹೋದರೆ ಅಲ್ಲಿ ನಾದಿನಿಯೂ ಹತ್ತಿದಳು. ಐವರ ಕಾರಿಗೆ ಆರು ಜನ! ಸಾಲದ್ದಕ್ಕೆ ಮೇಲಿನ ಕ್ಯಾರಿಯರಿನಲ್ಲಿ ಹಿತ್ತಾಳೆ ಹಂಡೆ, ಅನ್ನದ ತಪ್ಪಲೆ, ಅಕ್ಕಿ ಮೂಟೆ. ಎಲ್ಲವನ್ನೂ ಹಗ್ಗ ಹಾಕಿ ಬಿಗಿಸಿದವಳು ನಾನೇ.

ಹಲಗೂರು ಕಳೆದ ಮೇಲೆ ಕಾಡಿನ ದಾರಿ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಎದುರಿಗೆ ಬಸ್ಸು ಬಂತು. ಮಗ ಸರಕ್ಕನೆ ಎಡಕ್ಕೆಳೆದ. ಕಾರು ಬಲಕ್ಕೆ ವಾಲಿತು. ಮತ್ತೆ ಬಲಕ್ಕೆ ತಿರುಗಿಸಿದ, ಈ ಸಲ ಎಡಕ್ಕೆ ವಾಲಿತು, ತೊಟ್ಟಿಲು ತೂಗಿದ ಹಾಗೆ. ಮೇಲೆ ಹಂಡೆ ಧಡಾರೆಂದಿತು. ಕೊನೆಗೆ ರಸ್ತೆಯಂಚಿನ ಮಣ್ಣಿನಲ್ಲಿ ನಿಂತೆವು. ಅಲ್ಲಿಂದಾಚೆ ಇಳಿಜಾರು. ಯಾರಿಗೂ ಪೆಟ್ಟಾಗಲಿಲ್ಲ, ಆ ಮುತ್ತತ್ತಿರಾಯನೇ ಕಾಪಾಡಿದ. ಆದರೆ ಅತ್ತೆಯವರು ನನ್ನ ಕೈ ಹಿಡಿದಿದ್ದ ಹಿಡಿತ ಇದೆಯಲ್ಲ, ಬಳೆ ಒತ್ತಿದ ಗುರುತು ಸಂಜೆಯವರೆಗೂ ಹೋಗಲಿಲ್ಲ.

ಅಂದಿನಿಂದ ಅವರು ಕಾರು ಹತ್ತಲು ಒಲ್ಲೆ ಎಂದುಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ತೊಂದರೆಯಾಗಿ, ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರರು. “ಕಣ್ಣು ಹೋದ್ರೂ ಮನೇಲೇ ಇರ್ತೀನಿ ಕಣವ್ವ, ಆ ಗಾಡಿ ಮಾತ್ರ ಬ್ಯಾಡ” ಎಂದರು. ಅವರ ಹೆದರಿಕೆ ಸುಳ್ಳೆಂದು ಹೇಗೆ ಹೇಳಲಿ? 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದನ್ನು ನಮ್ಮ ಜಿಲ್ಲೆಯಲ್ಲಿ ಯಾರು ಮರೆತಾರು? ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ರಸ್ತೆಯ ಪಕ್ಕದಲ್ಲೇ ನಾಲೆ ಹರಿಯುವ ಊರುಗಳು ನಮ್ಮವು. ಒಂದು ತಿಂಗಳ ಇಂಜೆಕ್ಷನ್ ತಪ್ಪಿಯೇ ಹೋಯಿತು.

ಮಗನಿಗೆ ತಾನೇ ತಪ್ಪಿತಸ್ಥ ಎಂಬ ಕೊರಗು. ಹಗಲು ರಾತ್ರಿ ಮೊಬೈಲು ನೋಡಿ ಒಂದು ಉಪಾಯ ಹುಡುಕಿ ತಂದ. “ಅಮ್ಮಾ, ಕಾರಿನ ಕೆಳಗೆ ಸ್ಟೆಬಿಲೈಸರ್ ಬಾರ್ ಅಂತ ಇರತ್ತೆ. ಸ್ವೇ ಬಾರ್, ಆಂಟಿ ರೋಲ್ ಬಾರ್ ಅನ್ನೋದೂ ಅದಕ್ಕೇ. ಅದನ್ನ ತೆಗೆದು ಇನ್ನೂ ದಪ್ಪದ್ದು ಹಾಕಿಸಿದ್ರೆ ಕಾರು ವಾಲೋದೇ ಇಲ್ಲ” ಎಂದ. ಅದಕ್ಕೆ ಬೇಕಾದ ಹಣ, ಮೂರು ವರ್ಷದಿಂದ ನಾನು ಕಟ್ಟಿದ್ದ ಚೀಟಿಯ ಅರ್ಧಕ್ಕಿಂತ ಹೆಚ್ಚು! ಕೊಡಲು ಮನಸ್ಸಿತ್ತು. ಆದರೆ ಬದನೆಕಾಯಿಯನ್ನೇ ತಿರುಗಿಸಿ ನೋಡದೆ ಕೊಳ್ಳದವಳು ಇಷ್ಟು ಹಣವನ್ನು ಕಣ್ಣು ಮುಚ್ಚಿ ಕೊಡಲಾದೀತೇ? “ನಾನೂ ಬರ್ತೀನಿ ನಡಿ” ಎಂದೆ.

ಗ್ಯಾರೇಜಿನ ಯಜಮಾನರು ವಯಸ್ಸಾದವರು. ಕಾರನ್ನು ಮೇಲೆತ್ತಿ ಟಾರ್ಚು ಹಿಡಿದು ತೋರಿಸಿದರು. ಮುಂದಿನ ಎರಡು ಚಕ್ರಗಳ ನಡುವೆ, ತುದಿಗಳು ಬಾಗಿದ ಒಂದು ಉಕ್ಕಿನ ಸರಳು. ಎರಡು ತುದಿಗೂ ಚಿಕ್ಕ ಲಿಂಕ್ ರಾಡು, ಮಧ್ಯದಲ್ಲಿ ಎರಡು ಕಡೆ ರಬ್ಬರಿನ ಬುಷ್ಷು. “ಇದು ನೊಗ ಇದ್ದಂಗೆ ಕಣ್ ತಾಯಿ” ಎಂದರು. “ಒಂದೆತ್ತು ತಗ್ಗಿದ್ರೆ ಇನ್ನೊಂದರ ಕತ್ತು ಸುಮ್ಕೆ ಇರಾಕಿಲ್ಲ ಅಲ್ವಾ? ಅಂಗೇ ಇದೂ.”

ಎಷ್ಟು ಚೆನ್ನಾಗಿ ಹೇಳಿದರು ನೋಡಿ! ಎರಡು ಚಕ್ರವೂ ಒಟ್ಟಿಗೆ ಹಂಪು ಹತ್ತಿ ಇಳಿದರೆ ಈ ಸರಳಿಗೆ ಕೆಲಸವೇ ಇಲ್ಲ. ತಿರುವಿನಲ್ಲಿ ಕಾರಿನ ಹೊರಬದಿ ತಗ್ಗಿದಾಗ ಸರಳು ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಂಡದ್ದು ಬಿಚ್ಚಿಕೊಳ್ಳಲು ಹವಣಿಸುವ ಬಲದಿಂದಲೇ ಹೊರಬದಿಯನ್ನು ಎತ್ತಿಹಿಡಿಯುತ್ತದೆ. ಇಬ್ಬರು ಹೆಂಗಸರು ಒದ್ದೆ ಸೀರೆಯನ್ನು ಎರಡು ಕಡೆ ಹಿಡಿದು ಹಿಂಡುವುದನ್ನು ನೆನೆಸಿಕೊಳ್ಳಿ. ತೆಳುವಾದ ವಾಯಿಲ್ ಸೀರೆ ಸಲೀಸಾಗಿ ತಿರುಚಿಕೊಳ್ಳುತ್ತದೆ, ಜಮಖಾನ ಅಷ್ಟು ಸುಲಭಕ್ಕೆ ಬಗ್ಗುತ್ತದೆಯೇ? ದಪ್ಪ ಸರಳಿನ ಗುಟ್ಟೂ ಇಷ್ಟೇ. 20 ಮಿಲಿಮೀಟರಿನ ಸರಳಿನ ಬದಲು 22 ಮಿಲಿಮೀಟರಿನದು ಹಾಕಿದರೆ ದಪ್ಪ ಹೆಚ್ಚಿದ್ದು ನೂರಕ್ಕೆ ಹತ್ತು, ಬಿಗಿ ಹೆಚ್ಚುವುದು ಮಾತ್ರ ನೂರಕ್ಕೆ 46ರಷ್ಟು ಎಂದು ಮಗ ಲೆಕ್ಕ ಮಾಡಿ ತೋರಿಸಿದ. ಇದೇನು ಹೊಸ ವಿದ್ಯೆಯಲ್ಲ. ಕೆನಡಾ ದೇಶದ ಸ್ಟೀಫನ್ ಕೋಲ್ಮನ್ ಎಂಬುವರು ಇಂಥ ಸರಳಿಗೆ 1919ರಲ್ಲೇ ಪೇಟೆಂಟ್ ಪಡೆದಿದ್ದರಂತೆ.

“ಹಾಗಾದ್ರೆ ದಪ್ಪದ್ದೇ ಹಾಕಿಬಿಡಿ” ಎಂದೆ ನಾನು. ಯಜಮಾನರು ನಕ್ಕು ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ ಟಕ ಎಂದಿತು. ಬುಷ್ಷನ್ನು ಉಗುರಿನಿಂದ ಕೆರೆದರೆ ಒಣಗಿದ ಕೊಬ್ಬರಿಯ ಸಿಪ್ಪೆಯಂತೆ ಉದುರಿತು. “ನೊಗ ಗಟ್ಟಿಯಾಗೇ ಅದೆ. ಕೊರಳ ಹಗ್ಗ ಸಡ್ಲ ಆಗದೆ. ಅದಕ್ಕೆ ನೊಗ ದಪ್ಪ ಮಾಡ್ಸಿದ್ರೆ ಏನವ್ವಾ ಬಂತು?” ಎಂದರು.

ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಕುಕ್ಕರ್ ಕೂಗದಿದ್ದರೆ ನಾವು ದೊಡ್ಡ ಕುಕ್ಕರ್ ತರಲು ಓಡುತ್ತೇವೆಯೇ? ಮೊದಲು ಗ್ಯಾಸ್ಕೆಟ್ ಸವೆದಿದೆಯೇ ಎಂದು ನೋಡುವುದಿಲ್ಲವೇ? ಎರಡು ಲಿಂಕ್ ರಾಡು, ಎರಡು ಬುಷ್ಷು, ಸೋರುತ್ತಿದ್ದ ಮುಂದಿನ ಎರಡೂ ಶಾಕ್ ಅಬ್ಸಾರ್ಬರು ಬದಲಾಯಿಸಿದರು. ಕಂಪನಿಯ ಅಸಲಿ ಸಾಮಾನನ್ನೇ ಹಾಕಿಸಿದೆವು. ದಪ್ಪ ಸರಳನ್ನು ಕೊಳ್ಳಲೇ ಇಲ್ಲ.

ಹಾಗೆಂದು ದಪ್ಪ ಸರಳು ಮೋಸ ಎನ್ನುತ್ತಿಲ್ಲ. ಉಳಿದದ್ದೆಲ್ಲ ಸರಿಯಿರುವ ಕಾರಿಗೆ, ಮುಂದೆ ಹಿಂದೆ ಹೊಂದಾಣಿಕೆ ನೋಡಿ ತಿಳಿದವರು ಹಾಕಿದರೆ ವಾಲುವುದು ಖಂಡಿತ ಕಡಿಮೆಯಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಂಥ ನುಣುಪು ರಸ್ತೆಯಲ್ಲಿ ಅದು ಸೊಗಸೇ. ಆದರೆ ನಮ್ಮ ಕೆ.ಎಂ. ದೊಡ್ಡಿ ರಸ್ತೆಯಂಥ ಕಡೆ? ಒಂದು ಚಕ್ರ ಗುಂಡಿಗೆ ಬಿದ್ದರೆ ದಪ್ಪ ಸರಳು ಆ ಏಟನ್ನು ಇನ್ನೊಂದು ಚಕ್ರಕ್ಕೂ ಹಂಚುತ್ತದೆ, ಇಡೀ ಕಾರು ಅಕ್ಕಪಕ್ಕಕ್ಕೆ ಕುಲುಕುತ್ತದೆ. ಮುಂದಿನದನ್ನು ಮಾತ್ರ ಅತಿಯಾಗಿ ಬಿಗಿ ಮಾಡಿದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟು ಕಾರು ನೇರಕ್ಕೆ ಹೋಗಲು ನೋಡುತ್ತದೆ. ಹಿಂದಿನದನ್ನು ಅತಿಯಾಗಿ ಬಿಗಿ ಮಾಡಿದರೆ ಮಳೆಯಲ್ಲಿ ಹಿಂಭಾಗ ಜಾರಬಹುದು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಜಲ್ಲೆ, ಗದ್ದೆಯ ಕೆಸರು ಮೆತ್ತಿದ ರಸ್ತೆಯನ್ನು ನೀವೂ ಕಂಡಿದ್ದೀರಿ.

ಯಜಮಾನರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿತು. ವಾಲುವುದು ಕಾರು ಕೊಡುವ ಎಚ್ಚರಿಕೆಯಂತೆ. ‘ಜೋರಾಯಿತು, ನಿಧಾನ ಮಾಡು’ ಎಂದು ಅದು ಹೇಳುವ ರೀತಿ. ದಪ್ಪ ಸರಳು ಆ ಎಚ್ಚರಿಕೆಯ ದನಿಯನ್ನು ತಗ್ಗಿಸುತ್ತದೆ, ಟೈರಿಗೆ ಹೊಸ ಹಿಡಿತವನ್ನೇನೂ ತಂದುಕೊಡುವುದಿಲ್ಲ. ಕೊಡ ತುಳುಕದ ಹಾಗೆ ನಡೆಯಲು ಕಲಿತ ಮಾತ್ರಕ್ಕೆ ಪಾಚಿಗಟ್ಟಿದ ಮೆಟ್ಟಿಲು ಜಾರುವುದನ್ನು ಬಿಡುತ್ತದೆಯೇ?

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ರಚನೆಯನ್ನು ನಮಗೆ ಬೇಕಾದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಮನೆಯ ಹುಡುಗರು ಇಂಥ ಬದಲಾವಣೆಗೆ ಹೊರಟರೆ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲು ವಿಚಾರಿಸಲು ಹೇಳಿ.

ಈಗ ನೀವೇ ಮಾಡಬಹುದಾದ ಕೆಲವು ಪರೀಕ್ಷೆಗಳು:

ನಿಧಾನವಾಗಿ ಹಂಪು ದಾಟುವಾಗ ಮುಂದಿನ ಚಕ್ರದ ಕಡೆ ಟಕ್ ಟಕ್ ಸದ್ದು ಕೇಳಿದರೆ ಲಿಂಕ್ ರಾಡು, ಬುಷ್ಷು ತೋರಿಸಿ. ಲಿಂಕನ್ನು ಎರಡೂ ಕಡೆ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು.

ಸದ್ದು ನಿಲ್ಲಲಿ ಎಂದು ರಬ್ಬರ್ ಬುಷ್ಷಿಗೆ ಎಣ್ಣೆ ಬಿಡಬೇಡಿ, ಇಂಜಿನ್ ಎಣ್ಣೆಗೆ ರಬ್ಬರು ಉಬ್ಬಿ ಕೆಡುತ್ತದೆ.

ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಮೇಲೆದ್ದು ಸುಮ್ಮನಾದರೆ ಸರಿ. ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರಿನ ಆಯುಸ್ಸು ಮುಗಿದಿದೆ.

ಟೈರಿನ ಗಾಳಿಯನ್ನು ಕಾರು ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ತುಂಬಿದ ಕಾರಿಗೆ ಬೇರೆ ಲೆಕ್ಕ.

ಭಾರದ ಸಾಮಾನು ಡಿಕ್ಕಿಯಲ್ಲಿ, ಆದಷ್ಟು ಕೆಳಗಿರಲಿ. ಭಾರ ಮೇಲೇರಿದಷ್ಟೂ ಕಾರು ಹೆಚ್ಚು ವಾಲುತ್ತದೆ.

ಈ ಕೊನೆಯದನ್ನು ಬರೆಯುವಾಗ ನನ್ನ ಕೈ ತಡೆಯಿತು. ಏಕೆಂದರೆ ಆ ಹಂಡೆ, ಆ ಮೂಟೆ ಮೇಲೆ ಏರಿಸಿದವಳು ನಾನು. ‘ಆರು ಜನ ಹೇಗೋ ಹೊಂದಿಕೊಳ್ಳೋಣ’ ಎಂದವಳೂ ನಾನೇ. ಮಗ ಒಬ್ಬನೇ ಹೊತ್ತಿದ್ದ ತಪ್ಪಿನಲ್ಲಿ ಅರ್ಧ ನನ್ನದು ಎಂದು ಗ್ಯಾರೇಜಿನಿಂದ ಬರುವಾಗ ಅವನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ, ತಿರುವು ಬಂದಾಗ ಮಾತ್ರ ಎಂದಿಗಿಂತ ನಿಧಾನ ಮಾಡಿದ.

ಅತ್ತೆಯವರನ್ನು ಒಪ್ಪಿಸಲು ಉಪದೇಶ ಮಾಡಲಿಲ್ಲ. ಸವೆದ ಲಿಂಕು, ಉದುರಿದ ಬುಷ್ಷು ತಂದು ಅವರ ಕೈಗಿಟ್ಟೆ. ಕಣ್ಣು ಮಂಜಾದರೂ ಬೆರಳಿಗೆ ಗೊತ್ತಾಗುತ್ತದೆಯಲ್ಲ! ಲಿಂಕನ್ನು ಅಲ್ಲಾಡಿಸಿ, ಬುಷ್ಷಿನ ಬಿರುಕು ಸವರಿ, “ನನ್ನ ಮಂಡೀನೂ ಇಂಗೇ ಆಗದೆ ಬುಡು” ಎಂದು ನಕ್ಕರು. ಮರುದಿನ ತೆರಪಿಲ್ಲದ ಹೊತ್ತಿನಲ್ಲಿ ಮೊಮ್ಮಗನನ್ನು ಕರೆದು, “ನಮ್ಮ ಬೀದಿ ಒಂದು ಸುತ್ತು ಹಾಕ್ಸು, ನೋಡ್ತೀನಿ” ಎಂದರು. ಒಂದು ಸುತ್ತು ಎರಡಾಯಿತು.

ಮುಂದಿನ ತಿಂಗಳು ಮಂಡ್ಯಕ್ಕೆ ಹೋದೆವು. ಕ್ಯಾರಿಯರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದೇ ಕೂತಿದ್ದರು. ಗೆಜ್ಜಲಗೆರೆ ದಾಟುವ ಹೊತ್ತಿಗೆ ಹಿಡಿತ ಸಡಿಲವಾಯಿತು. ನೋಡಿದರೆ ನಿದ್ದೆ ಹೋಗಿದ್ದರು.