ಅಳಿಯನ ಗಾಳಿಬಂದೂಕು

ನಮ್ಮ ಮನೆತನಕ್ಕೂ ಬಂದೂಕಿಗೂ ಹಿಂದೆ ಎಂದೂ ಸಂಬಂಧವಿದ್ದುದಿಲ್ಲ. ಮೂರು ತಲೆಮಾರಿನಿಂದ ನಾವು ಆದವಾನಿಯ ಹತ್ತಿಯ ಮಂಡಿಗಳಲ್ಲಿ ಲೆಕ್ಕ ಬರೆದು ಬದುಕಿದವರು. ನನ್ನ ಮಟ್ಟಿಗೆ ಹೇಳುವುದಾದರೆ, ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯ ಖಾಕಿ ತೊಟ್ಟು, ಹೊಟ್ಟೆಯ ಮೇಲೆ ಮಲಗಿ, ೨೨ ಬೋರಿನ ರೈಫಲಿನಿಂದ ಕೆಲವು ಸುತ್ತು ಗುಂಡು ಹಾರಿಸಿದ್ದುಂಟು. ಅಷ್ಟರಿಂದಲೇ ನಮ್ಮ ಬಳಗದಲ್ಲಿ ನಾನೊಬ್ಬ ಗುರಿಕಾರನೆಂಬ ಹೆಸರು ನಿಂತುಬಿಟ್ಟಿತು. ಆ ಹೆಸರನ್ನೇ ನಂಬಿಕೊಂಡು ಕಳೆದ ಮಾಘಮಾಸದಲ್ಲಿ ಹೊಳಗುಂದದ ಕಡೆಯ ನನ್ನ ಸೋದರಳಿಯನು ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ಬಸ್ಸಿನಿಂದ ಇಳಿಸಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಬಿಚ್ಚಿದನು.

"ಏರ್‌ಗನ್ನು ಮಾಮ. ನಾಲ್ಕು ಸಾವಿರದ ಮುನ್ನೂರು. ಯುಗಾದಿಗೆ ಮೊಲ ಹೊಡೀಬೇಕು, ನೀವು ಕಲಿಸ್ರಿ" ಎಂದನು.

ವಾಚಕರಲ್ಲಿ ಅನೇಕರಿಗೆ ಈ ಬಂದೂಕಿನ ಪರಿಚಯ ಜಾತ್ರೆಯಲ್ಲಿಯೇ ಆಗಿರುತ್ತದೆ. ಶ್ರಾವಣದಲ್ಲಿ ಉರುಕುಂದಿ ಈರಣ್ಣನ ದರ್ಶನಕ್ಕೆ ಹೋದವರು, ಹಲಗೆಗೆ ಸಾಲಾಗಿ ಕಟ್ಟಿದ ಬಲೂನುಗಳಿಗೆ ಹುಡುಗರು ಗುರಿಯಿಡುವುದನ್ನು ನೋಡದೆ ಬಂದಿರಲಾರರು. ಆದರೆ ಇದನ್ನು ಬರಿಯ ಆಟಿಕೆಯೆಂದು ತಿಳಿಯಬಾರದು. ಟಿಪ್ಪುಸುಲ್ತಾನನು ೧೭೮೬ರಲ್ಲಿ ನಮ್ಮ ಆದವಾನಿಯ ಕೋಟೆಗೆ ಮುತ್ತಿಗೆ ಹಾಕಿದ ಕಾಲದಲ್ಲಿ ಆಸ್ಟ್ರಿಯ ದೇಶದ ಸೈನ್ಯವು ಜಿರಾರ್ಡೋನಿ ಎಂಬವನು ರಚಿಸಿದ ಗಾಳಿಬಂದೂಕನ್ನು ಯುದ್ಧಕ್ಕೇ ಇಟ್ಟುಕೊಂಡಿತ್ತು. ಮದ್ದಿಲ್ಲ, ಹೊಗೆಯಿಲ್ಲ, ಮೊದಲೇ ಒತ್ತಿ ತುಂಬಿಟ್ಟ ಗಾಳಿಯ ಬಲವೊಂದೇ. ನನ್ನ ಅಳಿಯನದು ಅದರ ಬಡ ದಾಯಾದಿ. ಇದರಲ್ಲಿ ಗಾಳಿಯನ್ನು ತುಂಬಿಡುವುದಿಲ್ಲ. ನಳಿಗೆಯನ್ನು ಮಧ್ಯಕ್ಕೆ ಮುರಿದು ಕೆಳಕ್ಕೆ ಎಳೆದರೆ ಒಳಗಿನ ಬಲವಾದ ಸ್ಪ್ರಿಂಗು ಕುಗ್ಗಿ ಕುಳಿತುಕೊಳ್ಳುತ್ತದೆ. ಕುದುರೆಯನ್ನು ಒತ್ತಿದೊಡನೆ ಅದು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಅದರ ಮುಂದಿನ ಗಾಳಿ ಕ್ಷಣಮಾತ್ರದಲ್ಲಿ ಒತ್ತಿಕೊಂಡು ಸೀಸದ ಗುಂಡನ್ನು ಹೊರಕ್ಕೆ ಅಟ್ಟುತ್ತದೆ. ಗುಂಡೆಂದರೂ ಅದು ಗುಂಡಗಿಲ್ಲ. ನಡು ಸಣ್ಣಗಾಗಿ, ಹಿಂಭಾಗ ಲಂಗದಂತೆ ಅರಳಿಕೊಂಡಿರುವ, ಅರ್ಧ ಗ್ರಾಮ್ ತೂಗುವ ಚಿಕ್ಕ ವಸ್ತು.

ಇದನ್ನು ಕೊಳ್ಳುವುದಕ್ಕೆ ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ೨೦೧೬ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ ೪.೫ ಮಿಲಿಮೀಟರನ್ನೂ, ಹೊಡೆತದ ಶಕ್ತಿ ೨೦ ಜೂಲನ್ನೂ ಮೀರದ ಗಾಳಿಬಂದೂಕಿಗೆ ಲೈಸೆನ್ಸು ಬೇಡ. ಆದರೆ ಕೊಂಡದ್ದನ್ನು ಯಾವುದರ ಕಡೆಗೆ ತಿರುಗಿಸಬಹುದು ಎಂಬ ಪ್ರಶ್ನೆಗೆ ಅಂಗಡಿಯವನು ಉತ್ತರ ಹೇಳುವುದಿಲ್ಲ, ಕೇಳಿದವರೂ ಇರಲಾರರು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಾಗ ಸಣ್ಣ ಬೇಟೆಗೆಂದು ಪ್ರತ್ಯೇಕವಾದ ಪಟ್ಟಿಯೂ ಅದಕ್ಕೊಂದು ಲೈಸೆನ್ಸೂ ಇದ್ದವು. ೧೯೯೧ರ ತಿದ್ದುಪಡಿಯೊಡನೆ ಆ ಬಾಗಿಲು ಮುಚ್ಚಿತು. ೨೦೨೨ರಲ್ಲಿ ಮತ್ತೆ ತಿದ್ದಿ, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ತಂದ ಪಟ್ಟಿಗಳಲ್ಲಿ ನಮ್ಮ ಹೊಲದ ಮೊಲವೂ ಕೌಜುಗವೂ ಬುರಲಿಯೂ ರಕ್ಷಿತ ಪ್ರಾಣಿಗಳೇ. ಕೃಷ್ಣಮೃಗ, ನವಿಲು, ಉಡ ಇವುಗಳಂತೂ ಮೊದಲನೆಯ ಪಟ್ಟಿಗೇ ಸೇರಿವೆ. ಮೊಲವೊಂದನ್ನು ಹೊಡೆದವನಿಗೆ ಮೂರು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಬೇಟೆಯ ಪ್ರಯತ್ನವೂ ಬೇಟೆಯೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಗುರಿ ತಪ್ಪಿದೆನೆಂಬ ಸಮಾಧಾನ ಅಲ್ಲಿ ನಡೆಯದು. ಬಂದೂಕಿಗೆ ಚೀಟಿ ಬೇಡ, ಬೇಟೆಗೆ ಚೀಟಿಯೇ ಇಲ್ಲ. ಈ ಎರಡು ಮಾತುಗಳ ನಡುವೆ ನನ್ನ ತಂಗಿಯ ಮಗ ನಾಲ್ಕು ಸಾವಿರದ ಮುನ್ನೂರು ರೂಪಾಯಿ ಕೊಟ್ಟು ನಿಂತಿದ್ದನು.

ಇದನ್ನೆಲ್ಲ ತಿಳಿಸಿದಾಗ ಅವನು ಸುಮ್ಮನೆ ತಲೆದೂಗುವ ಹುಡುಗನಲ್ಲ. "ನಮ್ಮೂರಾಗ ತಾತಮುತ್ತಾತನ ಕಾಲದಿಂದ ಯುಗಾದಿಗೆ ಬ್ಯಾಟಿಗೆ ಹೋಗ್ತಾರ. ಬಡಿಗಿ, ನಾಯಿ, ಬಲೆ. ಅವರು ಮಾಡಿದ್ದು ಪದ್ಧತಿ, ನಾನು ಮಾಡಿದ್ದು ಕೇಸು ಹೆಂಗಾತು?" ಎಂದನು. ಇಷ್ಟಕ್ಕೇ ಬಿಡದೆ, "ಹತ್ತಿಗೆ ಹೊಡಿಯೋ ಔಷಧಕ್ಕ ಹೊಲದಾಗ ಸತ್ತು ಬಿದ್ದಿರೋ ಕೌಜು ನಾನೇ ನೋಡೀನಿ. ಅದರ ಲೆಕ್ಕ ಯಾರು ಬರದಾರ?" ಎಂದೂ ಕೇಳಿದನು. ಲೆಕ್ಕ ಬರೆಯುವ ಮನೆತನದವನಾದ ನನಗೆ ಈ ಎರಡನೆಯ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ. ಮೊದಲನೆಯದಕ್ಕೆ ಮಾತ್ರ, ಪದ್ಧತಿ ಎಂಬುದು ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲವೆಂದೂ, ಕೇಸಾದರೆ ಕೋರ್ಟಿಗೆ ಅಲೆಯುವವಳು ಅವನ ತಾಯಿಯೆಂದೂ ಹೇಳಿದೆ. ತಾಯಿಯ ಹೆಸರು ಬಂದಾಗ ಅವನು ಸ್ವಲ್ಪ ಮೆತ್ತಗಾದನು.

ನಮ್ಮ ಸೀಮೆಯಲ್ಲಿ ಬೇಟೆಯ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಕೋಸಿಗಿಯ ಕಡೆಯ ಬಂಡೆಗುಡ್ಡಗಳು, ಆಲೂರಿನತ್ತ ಹೋದಂತೆ ಕಣ್ಣು ಹಾಯುವವರೆಗೆ ಹಬ್ಬಿದ ಎರೆಯ ಹೊಲಗಳು, ಬದುಗಳ ಮೇಲೆ ಬಳ್ಳಾರಿ ಜಾಲಿಯ ಪೊದೆಗಳು. ಮುಂಜಾವಿನಲ್ಲಿ ಆ ಪೊದೆಗಳೊಳಗಿಂದ ಕೌಜುಗ ಕೂಗಿತೆಂದರೆ ಮಲಗಿದ್ದವನೂ ಎದ್ದು ಕೂಡಬೇಕು. ಬೇಡರ ಮನೆಗಳು ಊರೂರಿಗೂ ಇವೆ; ರಾಘವಾಂಕನು ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯ ಸಡಗರವನ್ನು ಬಣ್ಣಿಸಿದ್ದನ್ನು ಓದುವಾಗ ನಮ್ಮವರಿಗೆ ಟಿಪ್ಪಣಿ ಬೇಕಾಗುವುದಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಹಂಚಿಹೋದ ಸಂಗತಿಯನ್ನು ಮೊಲಗಳಿಗೆ ಯಾರೂ ತಿಳಿಸಲಿಲ್ಲ. ಅವು ಈಗಲೂ ಹೊಳಗುಂದದಲ್ಲಿ ಮಲಗಿ ಸಿರುಗುಪ್ಪದ ಶೇಂಗಾ ತಿಂದು ಬರುತ್ತವೆ. ಎರೆಭೂತನೆಂಬ ದೊಡ್ಡ ಹಕ್ಕಿಯೂ ಹಾಗೆಯೇ ಎರಡೂ ಕಡೆಯದಾಗಿತ್ತು. ತೆಲುಗಿನವರು ಅದನ್ನು ಬಟ್ಟಮೇಕ ಎನ್ನುತ್ತಾರೆ. ಅದಕ್ಕಾಗಿಯೇ ೧೯೮೮ರಲ್ಲಿ ರೋಳ್ಳಪಾಡಿನಲ್ಲಿ ಅಭಯಾರಣ್ಯ ಮಾಡಿದರು. ಈಗ ಅಲ್ಲಿ ಅದರ ದರ್ಶನವೇ ದುರ್ಲಭವಾಗಿದೆ. ಅದಕ್ಕೆ ಬಂದೂಕೊಂದೇ ಕಾರಣವೆನ್ನಲಾರೆ, ಹುಲ್ಲುಗಾವಲು ಹೊಲವಾದದ್ದೂ ಕಾರಣ. ಆದರೆ ಬಂದೂಕು ಕಾರಣವಲ್ಲವೆಂದೂ ಹೇಳುವ ಹಾಗಿಲ್ಲ.

ಇರಲಿ. ಕಲಿಸುವೆನೆಂದು ಒಪ್ಪಿದೆ, ಮೊಲಕ್ಕೆ ಅಲ್ಲ, ಕಾಗದಕ್ಕೆ. ಯುಗಾದಿಯ ಮಾತನ್ನು ಯುಗಾದಿ ಬಂದಾಗ ನೋಡಿಕೊಳ್ಳೋಣವೆಂದು ಬದಿಗಿಟ್ಟೆವು.

ಮೊದಲು ಬೇಕಾದದ್ದು ಗುಂಡನ್ನು ಹಿಡಿದು ನಿಲ್ಲಿಸುವ ಸಾಧನ. ನಮ್ಮ ಊರಿನಲ್ಲಿ ಎಲ್ಲಿ ತಿರುಗಿದರೂ ಕರಿಗಲ್ಲು. ಬಂಡೆಗೆ ತಾಗಿದ ಸೀಸ ಬಂದ ದಾರಿಯಲ್ಲೇ ಹಿಂದಿರುಗಿ ಹೊಡೆದವನ ಕಣ್ಣನ್ನೇ ಹುಡುಕುತ್ತದೆ. ಹಣೆಯ ಮೇಲೆ ತಾಗಿದರೆ ಗಾಯ, ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ. ಹುಡುಗರ ಕೈಗೆ ಇದನ್ನು ಕೊಟ್ಟು ಮರೆಯುವ ತಂದೆತಾಯಿಗಳು ಇದೊಂದನ್ನಾದರೂ ತಿಳಿದಿರಬೇಕು. ಅದೃಷ್ಟವಶಾತ್ ಆದವಾನಿಯಲ್ಲಿ ಹತ್ತಿಗೆ ಬರವಿಲ್ಲ. ಜಿನ್ನಿನಲ್ಲಿ ಉಳಿದ ಹೊಲಸು ಹತ್ತಿಯನ್ನು ಒಂದು ಹಳೆಯ ಮರದ ಪೆಟ್ಟಿಗೆಗೆ ಕಾಲಿನಿಂದ ತುಳಿದು ತುಂಬಿ, ಹಿಂದೆ ಮಣ್ಣಿನ ಚೀಲಗಳನ್ನು ಒಟ್ಟಿ, ಮುಂದೆ ಕಾಗದ ಅಂಟಿಸಿದೆವು. ಗುಂಡು ಹತ್ತಿಯೊಳಕ್ಕೆ ಹೊಕ್ಕು ನಿದ್ದೆಹೋಗುತ್ತದೆ. ಹಿತ್ತಲಲ್ಲಿ ಹತ್ತು ಮೀಟರು ಅಳೆದು ಗೆರೆ ಎಳೆದೆವು. ಒಲಿಂಪಿಕ್ಸಿನ ಅಳತೆಯೂ ಹತ್ತೇ. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದದ್ದು ಇಷ್ಟೇ ದೂರದಿಂದ, ಇದೇ ೪.೫ ಮಿಲಿಮೀಟರಿನ ಗಾಳಿಬಂದೂಕಿನಿಂದ ಎಂದು ಹೇಳಿದಾಗ ಅಳಿಯನ ಮುಖ ಅರಳಿತು. ಆ ಗುರಿಹಲಗೆಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರು ಮಾತ್ರವೆಂದಾಗ ಮತ್ತೆ ಮುದುಡಿತು.

ಅಗ್ಗದ ಬಂದೂಕು ಕಲಿಸುವ ಪಾಠಗಳೇ ಬೇರೆ. ರೈಫಲನ್ನು ಭುಜಕ್ಕೆ ಒತ್ತಿ ಬಿಗಿಯಾಗಿ ಹಿಡಿಯಬೇಕೆಂದು ನಮಗೆ ಎನ್.ಸಿ.ಸಿ.ಯಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಅದು ನಡೆಯದು. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಸ್ಪ್ರಿಂಗಿನ ಕುಣಿತ ಪ್ರಾರಂಭವಾಗಿರುತ್ತದೆ. ಬಂದೂಕು ಮೊದಲು ಹಿಂದಕ್ಕೆ, ಮರುಗಳಿಗೆಗೆ ಮುಂದಕ್ಕೆ ಜಿಗಿಯುತ್ತದೆ. ಬಿಗಿಹಿಡಿದರೆ ಪ್ರತಿಸಲವೂ ಒಂದೊಂದು ರೀತಿಯಾಗಿ ತಿರುಗುತ್ತದೆ. ಆದುದರಿಂದ ಎಡಗೈಯ ಅಂಗೈಮೇಲೆ, ತುಂಬಿದ ಬಟ್ಟಲನ್ನು ಇಟ್ಟುಕೊಂಡ ಹಾಗೆ, ಸುಮ್ಮನೆ ಇರಿಸಿಕೊಂಡು ಅದಕ್ಕೆ ಬೇಕಾದಂತೆ ಜಿಗಿಯಲು ಬಿಡಬೇಕು. ಪ್ರತಿಸಲವೂ ಅದೇ ಜಾಗದಲ್ಲಿ ಅದೇ ರೀತಿಯಲ್ಲಿ ಇರಿಸಬೇಕು. ಇದು ಕೈಗೆ ಬರಲು ಅವನಿಗೆ ಮೂರು ವಾರ ಹಿಡಿಯಿತು. ನಳಿಗೆ ಮುರಿದಿರುವಾಗ ಒಂದು ಕೈ ಅದರ ಮೇಲೆ ಇದ್ದೇ ಇರಬೇಕು, ಇಲ್ಲವಾದರೆ ಅದು ಪಟ್ಟನೆ ಮೇಲಕ್ಕೆ ಬಂದು ಬೆರಳನ್ನು ಕಡಿಯುತ್ತದೆ. ಗುಂಡಿಲ್ಲದೆ ಬರಿದೇ ಹಾರಿಸಬಾರದು, ಪಿಸ್ಟನ್ನು ಮುಂದಿನ ಗೋಡೆಗೆ ಬಡಿದು ಹಾಳಾಗುತ್ತದೆ. ಒಳಕ್ಕೆ ಎಣ್ಣೆ ಬಿಡಬಾರದು. ಬಿಟ್ಟರೆ ಒತ್ತಿದ ಗಾಳಿಯ ಕಾವಿಗೆ ಎಣ್ಣೆ ಹೊತ್ತಿಕೊಂಡು ಢಮಾರೆನ್ನುತ್ತದೆ. ಹುಡುಗರಿಗೆ ಆ ಸದ್ದು ಪ್ರಿಯವಾದರೂ ಸ್ಪ್ರಿಂಗಿಗೆ ಪ್ರಿಯವಲ್ಲ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ರೊಟ್ಟಿ ಮುಟ್ಟಬಾರದು ಎಂಬುದನ್ನು ಮಾತ್ರ ಅವನಿಗೆ ನನಗಿಂತ ಚೆನ್ನಾಗಿ ನನ್ನ ಹೆಂಡತಿಯೇ ಕಲಿಸಿದಳು.

ಹತ್ತು ಮೀಟರಿನಲ್ಲಿ ಐದು ಗುಂಡುಗಳು ಒಂದು ರೂಪಾಯಿಯ ಬಿಲ್ಲೆಯೊಳಗೆ ಬೀಳತೊಡಗಿದಾಗ ಅವನು, "ಇನ್ನು ಹೊಲಕ್ಕ ಹೋಗಣ" ಎಂದನು. ಮೊಲ ಹತ್ತು ಮೀಟರಿಗೆ ಬಂದು ಕೂರುವುದಿಲ್ಲವಷ್ಟೆ. ಆದ್ದರಿಂದ ಇಪ್ಪತ್ತೈದು ಮೀಟರು ಅಳೆಯೋಣವೆಂದೆ. ಹಿತ್ತಲು ಸಾಲದೆ ಊರ ಹೊರಗಿನ ಒಂದು ಪಾಳುಹೊಲದ ಮಣ್ಣಿನ ದಿಣ್ಣೆಗೆ ಪೆಟ್ಟಿಗೆಯನ್ನು ಸಾಗಿಸಿದೆವು. ರಟ್ಟಿನ ಮೇಲೆ ಅವನೇ ಇದ್ದಲಿನಿಂದ ಒಂದು ಮೊಲವನ್ನು ಬರೆದನು. ಕೈ ಚೆನ್ನಾಗಿದೆ, ಕಿವಿಗಳು ಜೀವ ತಳೆದಂತಿದ್ದವು. ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ ರೂಪಾಯಿಯ ಬಿಲ್ಲೆಯಿಟ್ಟು ಸುತ್ತ ಗೆರೆ ಎಳೆದೆ. ಈ ಬಂದೂಕಿನ ಹೊಡೆತಕ್ಕೆ ಮೊಲವು ನೋವರಿಯದೆ ಸಾಯಬೇಕಾದರೆ ಗುಂಡು ಬೀಳಬೇಕಾದ ಸ್ಥಳ ಅಷ್ಟೇ. ಲೆಕ್ಕವನ್ನೂ ಹೇಳಿದೆ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ ನೂರೈವತ್ತು ಮೀಟರಿನ ವೇಗದಲ್ಲಿ ಹೊರಟರೆ ಅದರ ಶಕ್ತಿ ಐದೂವರೆ ಜೂಲಿಗೆ ಸ್ವಲ್ಪ ಹೆಚ್ಚು. ನಾನು ಹಿಂದೆ ಹಾರಿಸಿದ ೨೨ ಬೋರಿನ ಗುಂಡಿನದು ೧೪೦ರ ಆಸುಪಾಸು. ಹತ್ತು ಮೀಟರಿಗೆ ಸರಿಪಡಿಸಿದ ಗುರಿ ಇಪ್ಪತ್ತೈದು ಮೀಟರಿನಲ್ಲಿ ನಾಲ್ಕು ಬೆರಳಿನಷ್ಟು ಕೆಳಕ್ಕೆ ಜಾರುತ್ತದೆ. ಅದನ್ನು ತಿಳಿದು ಮೇಲಕ್ಕೆ ಗುರಿಯಿಟ್ಟರೂ ಎರೆಹೊಲದ ಮೇಲಿನ ಗಾಳಿ ನಮ್ಮ ಮಾತನ್ನು ಕೇಳಬೇಕಲ್ಲ.

ಹತ್ತು ಗುಂಡು ಹಾರಿಸಿದನು. ಬಹಳ ಸಾವಧಾನವಾಗಿ, ಉಸಿರು ಕಟ್ಟಿ, ನಾನು ಮೆಚ್ಚುವಂತೆ ಹಾರಿಸಿದನು. ಹೋಗಿ ನೋಡಿದೆವು. ನಾಲ್ಕು ಗೆರೆಯೊಳಗಿದ್ದವು. ಎರಡು ಕಿವಿಗಳ ಮೇಲಿನ ಬಯಲಿನಲ್ಲಿ. ಒಂದು ಕೆಳದವಡೆಯಲ್ಲಿ. ಮೂರು ಭುಜಕ್ಕೂ ಹೊಟ್ಟೆಗೂ ಹಂಚಿಕೊಂಡಿದ್ದವು. ಅವನು ದವಡೆಯ ತೂತಿನ ಮೇಲೆ ಬೆರಳಿಟ್ಟು, "ಇದು ಏನಾಗತೈತಿ ಮಾಮ?" ಎಂದು ಕೇಳಿದನು. ಓಡಿಹೋಗಿ ಜಾಲಿಯೊಳಗೆ ಸೇರುತ್ತದೆ, ಮೇಯಲಾರದೆ ಕೆಲವು ದಿನಗಳಲ್ಲಿ ಸಾಯುತ್ತದೆ, ನಿನಗೂ ಸಿಗುವುದಿಲ್ಲ ಎಂದೆ. ಹೊಟ್ಟೆಯವುಗಳ ವಿಷಯ ಅವನು ಕೇಳಲಿಲ್ಲ. ಊರಿನ ನಾಯಿ ಮೊಲದ ಕುತ್ತಿಗೆ ಹಿಡಿದರೆ ಇದಕ್ಕಿಂತ ಬೇಗ ಮುಗಿಯುತ್ತದೆ ಎಂದು ತಾನೇ ಹೇಳಿಕೊಂಡನು. ಅದು ನಿಜವೇ ಇರಬಹುದು.

ಆ ಸಂಜೆ ಅವನಿಗೆ ಸಲೀಂ ಅಲಿಯವರ ಕಥೆಯನ್ನು ಹೇಳಿದೆ. ಅವರೂ ಎಳವೆಯಲ್ಲಿ ಗಾಳಿಬಂದೂಕಿನಿಂದ ಗುಬ್ಬಿ ಹೊಡೆದವರೇ. ಒಂದು ದಿನ ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಜಾತಿಯೆಂದು ಸೋದರಮಾವನನ್ನು ಕೇಳಿದರು. ಮಾವನು ಅವರನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿಕೊಟ್ಟನು. ಅಲ್ಲಿ ಮಿಲ್ಲರ್ಡ್ ಎಂಬ ಕಾರ್ಯದರ್ಶಿಯು ಹುಡುಗನನ್ನು ಗದರದೆ, ಕಪಾಟುಗಳನ್ನು ತೆರೆದು ಹಕ್ಕಿಗಳನ್ನು ತೋರಿಸಿದನು. ಮುಂದೆ ೧೯೮೫ರಲ್ಲಿ ಬಂದ ಅವರ ಆತ್ಮಕಥೆಗೆ ಆ ಗುಬ್ಬಿಯ ಹೆಸರೇ ಬಂದಿತು. ಈ ಕಥೆಯಲ್ಲಿ ನನಗೆ ಪ್ರಿಯವಾದ ಪಾತ್ರ ಸೋದರಮಾವನದೆಂದು ಬೇರೆ ಹೇಳಬೇಕಾಗಿಲ್ಲ. ಅಳಿಯನು ಕೇಳಿ, "ಆ ಹಳದಿ ಕೊರಳಿನ ಗುಬ್ಬಿ ನಮ್ಮ ಕಡೆ ಐತೇನು?" ಎಂದನು. ಇದೆಯೆಂದೆ. ಇನ್ನೂ ಅವನು ನನಗೆ ತೋರಿಸಿಲ್ಲ.

ಯುಗಾದಿ ಬಂದಿತು. ಬಂದೂಕು ನಮ್ಮ ಅಟ್ಟದ ಮೇಲೆಯೇ ಇದ್ದಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಅವನ ಊರಿನವರು ಈ ವರ್ಷ ಶಾಸ್ತ್ರಕ್ಕೆಂದು ಎಲ್ಲೆಯವರೆಗೆ ಹೋಗಿ ಬೇವಿನ ತೊಪ್ಪಲು ತಂದು ತಿರುಗಿದರಂತೆ. ಇವನೂ ಬರಿಗೈಯಲ್ಲಿ ಜೊತೆಗೆ ಹೋಗಿದ್ದನು. ಎರಡು ಮೊಲ ಕಂಡವಂತೆ. "ಒಂದು ಇಪ್ಪತ್ತು ಮೀಟರಿನಾಗ ಕುಂತಿತ್ತು ಮಾಮ, ಕಿವಿ ನೆಟ್ಟಗ ಮಾಡಿಕೊಂಡು" ಎಂದು ಮರುದಿನ ಫೋನಿನಲ್ಲಿ ಹೇಳುವಾಗ ಅವನ ಧ್ವನಿಯಲ್ಲಿದ್ದ ಆಸೆ ನನಗೆ ಕೇಳಿಸದಿರಲಿಲ್ಲ. ಅದು ಹೋಯಿತೆಂದು ನಾನು ಬರೆಯಲಾರೆ. ಆದರೆ ಭಾನುವಾರಗಳಂದು ತಪ್ಪದೆ ಬರುತ್ತಾನೆ. ಹತ್ತು ಹತ್ತು ಗುಂಡಿನ ಕಾಗದಗಳನ್ನು ತಾರೀಖು ಹಾಕಿ ನನ್ನ ಲೆಕ್ಕದ ಪುಸ್ತಕದಲ್ಲಿ ಅಂಟಿಸಿದ್ದೇನೆ. ಇಪ್ಪತ್ತೈದು ಮೀಟರಿನಲ್ಲಿ ಕಳೆದ ಭಾನುವಾರದ ಲೆಕ್ಕ ಹತ್ತಕ್ಕೆ ಏಳು.

ಈಗ ಗುಂಡಿನ ಡಬ್ಬಿ ಮುಗಿಯುತ್ತ ಬಂದಿದೆ. ಅವನು ಮೊದಲು ತಂದಿದ್ದು ಚೂಪು ಮೂಗಿನವು. ಕಾಗದದಲ್ಲಿ ಅವು ಹರಕು ತೂತು ಮಾಡುವುದರಿಂದ ಎಣಿಸುವಾಗ ಜಗಳ ಬರುತ್ತದೆ. ಚಪ್ಪಟೆ ಮೂಗಿನವಾದರೆ ಅಂಚು ಕತ್ತರಿಸಿದಂತೆ ದುಂಡಗೆ ಬೀಳುತ್ತದೆ. ಅವೇ ಬೇಕೆಂದು ಅಳಿಯನ ಹಟ. ಸಂಘದ ಸದಸ್ಯರಲ್ಲಿ ಯಾರಾದರೂ ಈ ತಿಂಗಳು ಬಳ್ಳಾರಿಗೆ ಹೋಗುವವರಿದ್ದರೆ ದಯವಿಟ್ಟು ನನಗೆ ಮುಂಚಿತವಾಗಿ ತಿಳಿಸಬೇಕು.