15 ಇಂಚಿನ ಜಂಬೂ ಸವಾರಿ

ಮಲ್ಲೇಶ್ವರದ ನನ್ನ ಟೆರೇಸ್ ರೂಮಿನಲ್ಲಿ ಟಿವಿ ಇರಲಿಲ್ಲ. ಓನರ್ ಮನೆ ಕೇಬಲ್ಲನ್ನೇ ಯುಎಸ್‌ಬಿ ಟ್ಯೂನರ್‌ಗೆ ಸಿಕ್ಕಿಸಿ ಲ್ಯಾಪ್‌ಟಾಪಲ್ಲಿ ನೋಡ್ತಿದ್ದೆ. 2013ರ ಮಾರ್ಚ್ 31 ಬೆಂಗಳೂರು, ಮೈಸೂರಿಗೆ ಡಿಜಿಟಲ್ ಕೇಬಲ್‌ನ ಗಡುವು. ಆಮೇಲೊಂದು ದಿನ ಪರದೆ ತುಂಬಾ ಬರೀ ಇರುವೆ!

ಆ ದಸರೆಗೆ ಕಣ್ಣಿನ ಪೊರೆ ತೆಗೆಸಿಕೊಂಡು ಮೈಸೂರಿನ ಅಜ್ಜಿ ನನ್ನ ರೂಮಲ್ಲಿದ್ದರು. ಪ್ರತಿವರ್ಷ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯೇ ಜಾಗ ಹಿಡಿಯುವವರು. “ಈ ಸಲ ಅಂಬಾರಿ ನೋಡೋ ಯೋಗ ಇಲ್ಲ ಬಿಡು ಮಗಾ” ಅಂದರು.

ಮನಸ್ಸು ತಡೀಲಿಲ್ಲ. ಕೇಬಲ್ ಹುಡುಗನಿಗೆ ಹೇಳಿ ಸೆಟ್ ಟಾಪ್ ಬಾಕ್ಸ್ ಹಾಕಿಸಿದೆ. ಡಿಜಿಟಲ್ ಸಿಗ್ನಲ್ ಬಿಡಿಸೋದು ಬಾಕ್ಸಿನ ಕೆಲಸ. ಅದರ ಹಳದಿ, ಬಿಳಿ, ಕೆಂಪು ವೈರುಗಳನ್ನು ಟ್ಯೂನರ್‌ಗೆ ಚುಚ್ಚಿ, ಸಾಫ್ಟ್‌ವೇರಲ್ಲಿ ಇನ್‌ಪುಟ್ ‘ಕಾಂಪೊಸಿಟ್’ಗೆ ಬದಲಿಸಿದೆ. ಚಿತ್ರ ಬಂತು! ಚಾನೆಲ್ ಬದಲಿಸೋಕೆ ಮಾತ್ರ ಬಾಕ್ಸಿನ ರಿಮೋಟೇ ಬೇಕು.

ಚಂದನದಲ್ಲಿ ಅರ್ಜುನ 750 ಕೆಜಿ ಅಂಬಾರಿ ಹೊತ್ತು ಅರಮನೆಯಿಂದ ಹೊರಟ. ಅಜ್ಜಿ ಲ್ಯಾಪ್‌ಟಾಪಿಗೇ ಕೈಮುಗಿದರು. “ಇಷ್ಟು ವರ್ಷ ಜನರ ತಲೆಗಳ ಮಧ್ಯೆ ತಾಯಿ ಮುಖ ಸರಿಯಾಗಿ ಕಂಡಿರ್ಲಿಲ್ಲ ಕಣೋ” ಅಂತ ಕಣ್ಣೊರೆಸಿಕೊಳ್ಳಲು ಹೋದರು. “ಅಜ್ಜಿ, ಕಣ್ಣು ಮುಟ್ಬೇಡಿ!” ಎಂದೆ.

ಮೆರವಣಿಗೆ ಸಯ್ಯಾಜಿರಾವ್ ರಸ್ತೆಗೆ ಬಂತು. ಅಜ್ಜಿ ಪರದೆಗೆ ಬೆರಳಿಟ್ಟರು: “ಅಲ್ನೋಡು, ನನ್ನ ಜಾಗದಲ್ಲಿ ಯಾರೋ ಕೂತವ್ರೆ!”