ಬಿಲ್ಲು ಏರಿದ ಮೇಲೆ

ಕರೆಂಟ್ ಬಿಲ್ಲು ಜಾಸ್ತಿ ಬಂತೆಂದರೆ ಮೊದಲು ಅನುಮಾನ ಹೋಗುವುದು ಮೀಟರಿನ ಮೇಲೆ. ಆಮೇಲೆ ಮೀಟರ್ ಓದುವ ಹುಡುಗನ ಮೇಲೆ, ಆಮೇಲೆ ಸರ್ಕಾರದ ಮೇಲೆ, ಇನ್ನೂ ಸಿಟ್ಟು ಉಳಿದಿದ್ದರೆ ಪಕ್ಕದ ಮನೆಯವರ ಮೇಲೆ. ಸ್ವಂತ ಮನೆಯ ಫ್ರಿಜ್ಜು, ಮೋಟಾರು, ಕಾಯಿಲ್‌ಗಳ ಪಾಳಿ ಬರುವುದು ಕಟ್ಟಕಡೆಗೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲೂ ಈ ಕ್ರಮ ತಪ್ಪುವುದಿಲ್ಲ. ಬಾಗಿಲಲ್ಲಿ ನಿಂತ ಮನೆಯಾಕೆ ಚೀಟಿ ನೋಡಿ, "ಏನಪ್ಪಾ, ಸೊನ್ನಿ ಬರ್ತಿತ್ತಲ್ಲ, ಈ ಸಲ ಹದಿನೈದು ನೂರು ಬಂದೈತಿ?" ಎನ್ನುತ್ತಾಳೆ. "ಯವ್ವಾ, ಬರಿಯೋದು ನಾನಲ್ಲ, ಮಿಷಿನ್ನು" ಎಂದು ಹುಡುಗ ಮುಂದಿನ ಮನೆಗೆ ಹೋಗುತ್ತಾನೆ. ವಿಚಾರಣೆ ಅಲ್ಲಿಗೆ ಮುಗಿಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಆಕೆಗೆ ಉತ್ತರವಂತೂ ಸಿಗಲಿಲ್ಲ.

ಸಂಜೆ ಕಟ್ಟೆಯ ಮೇಲೆ ಹೋಲಿಕೆ ಶುರುವಾಗುತ್ತದೆ. ಕೊಟ್ಟೂರಿನ ಬೀಗರಿಗೆ ಎಷ್ಟು ಬಂತು, ಹೊಳೆಯಾಚೆ ಕೊಟ್ಟ ಮಗಳ ಮನೆಗೆ ಎಷ್ಟು ಬಂತು? ಇಲ್ಲಿ ಭೂಗೋಳವೇ ಸ್ವಲ್ಪ ತಮಾಷೆಯದು. ಹಲವಾಗಲು ತುಂಗಭದ್ರೆಯ ದಂಡೆಯ ಊರು. ಹೊಳೆ ದಾಟಿದರೆ ಹಾವೇರಿ ಜಿಲ್ಲೆ, ಅಲ್ಲಿ ಕರೆಂಟು ಕೊಡುವುದು ಹೆಸ್ಕಾಂ. ಇತ್ತ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಿಗೆ ಜೆಸ್ಕಾಂ. ನಡುವಿನ ಹರಪನಹಳ್ಳಿಗೆ ಮಾತ್ರ ಬೆಸ್ಕಾಂ. 1997ರಲ್ಲಿ ಈ ತಾಲ್ಲೂಕು ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತ್ತು. 2002ರಲ್ಲಿ ವಿತರಣಾ ಕಂಪನಿಗಳು ಹುಟ್ಟಿದಾಗ ದಾವಣಗೆರೆಯ ಜೊತೆಗೆ ಬೆಂಗಳೂರಿನ ಕಂಪನಿಯ ಪಾಲಾಯಿತು. ಮುಂದೆ ತಾಲ್ಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆಯ ಹೆಸರು ಬದಲಾದಂತೆ ಕಂಪನಿ ಬದಲಾಗಲಿಲ್ಲ. ಯೂನಿಟ್ಟಿನ ದರವನ್ನು ಎಲ್ಲ ಕಂಪನಿಗಳಿಗೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ ಗೊತ್ತುಮಾಡುತ್ತದೆ. ಆದರೆ ಇಂಧನ ಹೊಂದಾಣಿಕೆ ಶುಲ್ಕವೆಂಬುದು ಕಂಪನಿಯಿಂದ ಕಂಪನಿಗೆ, ತಿಂಗಳಿಂದ ತಿಂಗಳಿಗೆ ಬೇರೆಯಾಗುತ್ತದೆ. ಹಾಗಾಗಿ ಬೀಗರ ಬಿಲ್ಲಿನ ಜೊತೆ ತಾಳೆ ಹಾಕಿ ಪ್ರಯೋಜನವಿಲ್ಲ. ತಾಳೆ ಹಾಕಬೇಕಾದದ್ದು ಇದೇ ಮನೆಯ ಹೋದ ವರ್ಷದ ಇದೇ ತಿಂಗಳ ಚೀಟಿಯ ಜೊತೆ. ಆ ಚೀಟಿ ಬಿಸಿಗೆ ಮೂಡುವ ಕಾಗದದ್ದು, ಅಷ್ಟರಲ್ಲಿ ಅಕ್ಷರ ಮಾಸಿ ಬೆಳ್ಳಗಾಗಿರುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಸಾಲಿನ ಕಾರ್ಣಿಕ ನುಡಿಯುತ್ತಾನೆ. ಅದು ಮಳೆಗೆ ಹೇಳಿದ್ದೋ, ಬೆಳೆಗೋ, ರಾಜಕಾರಣಕ್ಕೋ ಎಂದು ಜನ ವರ್ಷವಿಡೀ ಅರ್ಥ ಬಿಡಿಸುತ್ತಾರೆ. ಕರೆಂಟಿನ ಚೀಟಿಯನ್ನೂ ಈ ಸೀಮೆಯವರು ಹೆಚ್ಚುಕಡಿಮೆ ಹಾಗೆಯೇ ಓದುತ್ತಾರೆ: ಕಟ್ಟಕಡೆಯ ಸಾಲೊಂದನ್ನು ನೋಡಿ, ಉಳಿದದ್ದನ್ನು ಊಹಿಸಿ. ನಿಜವಾದ ಸುದ್ದಿ ಇರುವುದು ಚೀಟಿಯ ಮಧ್ಯದಲ್ಲಿ, ಹಿಂದಿನ ರೀಡಿಂಗ್ ಮತ್ತು ಇಂದಿನ ರೀಡಿಂಗ್ ಎಂಬ ಎರಡು ಸಂಖ್ಯೆಗಳಲ್ಲಿ. ಒಂದರಿಂದ ಇನ್ನೊಂದನ್ನು ಕಳೆದರೆ ಬಳಸಿದ ಯೂನಿಟ್ಟು. ಯೂನಿಟ್ಟು ಹೆಚ್ಚಿದ್ದರೆ ಕಾರಣ ಮನೆಯಲ್ಲಿದೆ ಅಥವಾ ಮೀಟರಿನಲ್ಲಿದೆ. ಯೂನಿಟ್ಟು ಮೊದಲಿನಷ್ಟೇ ಇದ್ದು ರೂಪಾಯಿ ಏರಿದ್ದರೆ ಕಾರಣ ದರದಲ್ಲೋ ಹಳೆಯ ಬಾಕಿಯಲ್ಲೋ ಇದೆ. ಹುಡುಕಾಟ ಈ ಕವಲಿನಿಂದಲೇ ಹೊರಡಬೇಕು. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ.

ಮೊದಲು ಬರುತ್ತಿದ್ದರು. ಮೀಟರಿನ ಪಕ್ಕ ಗೋಡೆಗೆ ಪೆನ್ಸಿಲ್ಲಿನಲ್ಲಿ ರೀಡಿಂಗ್ ಬರೆದಿಡುವ ಹಿರಿಯರು ಮನೆಗೊಬ್ಬರಿದ್ದ ಕಾಲವೊಂದಿತ್ತು. ಆ ಅಭ್ಯಾಸ ಕಳಚಿಬಿದ್ದದ್ದು ಬಿಲ್ಲು ಸೊನ್ನೆಯಾದಾಗ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಗೆ ಬಂತು. ಅದರ ಲೆಕ್ಕ ಹೀಗೆ: 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತೀರಾ ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತು ಎಂದರೆ ಎರಡು ಮೂರು ಯೂನಿಟ್ಟೂ ಆಗುವುದಿಲ್ಲವೆಂದು 2024ರ ಜನವರಿಯಲ್ಲಿ ನಿಯಮ ತಿದ್ದಿ, ಸರಾಸರಿ 48 ಯೂನಿಟ್ಟಿಗಿಂತ ಕೆಳಗಿದ್ದವರಿಗೆ ಹತ್ತು ಯೂನಿಟ್ಟನ್ನೇ ಹೆಚ್ಚುವರಿಯಾಗಿ ಕೊಟ್ಟರು.

ಸರಾಸರಿ 90 ಇದ್ದ ಮನೆಯೊಂದನ್ನು ತೆಗೆದುಕೊಳ್ಳೋಣ. ಅದಕ್ಕೆ 99 ಯೂನಿಟ್ ಉಚಿತ. ಆಯೋಗದ 2025ರ ಮಾರ್ಚ್ ಆದೇಶದಂತೆ 2025-26ರಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಆ ಮನೆಯವರು 200 ಯೂನಿಟ್ ಉರಿಸಿದರೆ 101 ಯೂನಿಟ್ಟಿಗೆ 585 ರೂಪಾಯಿ 80 ಪೈಸೆ ಆಯಿತು. 201 ಉರಿಸಿದರೆ 1165 ರೂಪಾಯಿ 80 ಪೈಸೆ. ಇದು ಬರೀ ಯೂನಿಟ್ಟಿನ ಲೆಕ್ಕ, ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಹೆಚ್ಚಿಗೆ ಉರಿದದ್ದು ಒಂದೇ ಯೂನಿಟ್ಟು, ಅದಕ್ಕೆ ತೆತ್ತದ್ದು 580 ರೂಪಾಯಿ. ಸೊನ್ನೆಗೆ ಒಗ್ಗಿದ ಮನೆಯಲ್ಲಿ ಬಳಕೆ 120, 150, 180 ಎಂದು ಮೆಲ್ಲಗೆ ಹತ್ತುತ್ತಿದ್ದಾಗ, ಮೀರಿದ್ದಕ್ಕಷ್ಟೇ ದುಡ್ಡಾದ್ದರಿಂದ, ಯಾರಿಗೂ ಹೆಚ್ಚು ಬಿಸಿ ತಟ್ಟಿರುವುದಿಲ್ಲ. ಬೇಸಿಗೆಯ ಒಂದು ತಿಂಗಳು ಗಡಿ ದಾಟಿದ ಕೂಡಲೇ ಎಲ್ಲ ಸೇರಿ ಒಮ್ಮೆಗೇ ಎರಗುತ್ತದೆ.

ಇಂಥ ಗಡಿಯ ಪೆಟ್ಟನ್ನು ನಾಡು ಗೃಹಜ್ಯೋತಿಗೂ ಮೊದಲೇ ತಿಂದಿತ್ತು. 2023ರ ಮೇ 12ರಂದು ಹೊರಬಿದ್ದ ದರ ಆದೇಶ ಏಪ್ರಿಲ್ 1ರಿಂದಲೇ ಅನ್ವಯವಾಯಿತು. ನೂರು ಯೂನಿಟ್ಟಿನವರೆಗೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಮೊದಲ ಯೂನಿಟ್ಟಿನಿಂದಲೇ 7 ರೂಪಾಯಿ. ನೂರಕ್ಕೆ 475 ಆದರೆ ನೂರೊಂದಕ್ಕೆ 707. ಜೊತೆಗೆ ಏಪ್ರಿಲ್ ತಿಂಗಳ ವ್ಯತ್ಯಾಸದ ಹಣವನ್ನೂ ಜೂನ್‌ನಲ್ಲಿ ಕೈಸೇರಿದ ಬಿಲ್ಲಿಗೆ ಕೂಡಿಸಿದ್ದರು. ಮನೆಯಲ್ಲಿ ಒಂದು ದೀಪವನ್ನೂ ಹೆಚ್ಚಿಗೆ ಹಚ್ಚದವರಿಗೂ ಬಿಲ್ಲು ಉಬ್ಬಿ ಬಂತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್‌ಗೆ ಕರೆಕೊಟ್ಟದ್ದು ಈ ಸಿಟ್ಟಿನಲ್ಲೇ. ಮುಂದಿನ ವರ್ಷದ ಏಪ್ರಿಲ್‌ನಿಂದ ಸ್ಲ್ಯಾಬ್ ತೆಗೆದು ಎಲ್ಲ ಯೂನಿಟ್ಟಿಗೂ 5 ರೂಪಾಯಿ 90 ಪೈಸೆಯ ಒಂದೇ ದರ ತಂದರು.

ಅದೇ ಜೂನ್‌ನಲ್ಲಿ ಹೊಳೆಯ ಕೆಳಗಿನ ಕೊಪ್ಪಳದಿಂದ ಬಂದ ಸುದ್ದಿ ಇನ್ನೊಂದು ಬಗೆಯದು. ತಗಡಿನ ಪುಟ್ಟ ಮನೆಯಲ್ಲಿ ಎರಡು ಬಲ್ಬು ಹಚ್ಚಿಕೊಂಡಿದ್ದ ವೃದ್ಧೆಯೊಬ್ಬರಿಗೆ 1,03,315 ರೂಪಾಯಿಯ ಬಿಲ್ಲು ಬಂದಿತ್ತು. ಅವರು ಕಟ್ಟುತ್ತಿದ್ದದ್ದು ನೂರು ರೂಪಾಯಿಯ ಒಳಗೆ. ಅಧಿಕಾರಿಗಳು ಮನೆಗೆ ಬಂದು ನೋಡಿ ದೋಷ ತಮ್ಮ ಕಡೆಯದೆಂದರು. ಇಂಧನ ಸಚಿವ ಕೆ.ಜೆ. ಜಾರ್ಜ್ ಆ ಹಣ ಕಟ್ಟಬೇಕಿಲ್ಲವೆಂದು ಹೇಳಿದರು. ಕರಾವಳಿಯ ಉಳ್ಳಾಲದ ಮನೆಯೊಂದಕ್ಕೆ ಅದೇ ದಿನಗಳಲ್ಲಿ ಏಳು ಲಕ್ಷ ಮೀರಿದ ಬಿಲ್ಲು ಬಂದಿತ್ತು. ರೀಡಿಂಗ್ ತಪ್ಪಾಗಿತ್ತು, ತಿದ್ದಿದ ಬಿಲ್ಲು ಮೂರು ಸಾವಿರದೊಳಗೆ ಇಳಿಯಿತು.

ಇಂಥ ಬಿಲ್ಲುಗಳಿಗೆ ಒಂದು ಅನುಕೂಲವಿದೆ: ಅವು ನಂಬಲಾಗದಷ್ಟು ದೊಡ್ಡವು, ಪತ್ರಿಕೆಗೆ ಹೋಗುತ್ತವೆ, ಸಚಿವರವರೆಗೆ ಮುಟ್ಟುತ್ತವೆ. ಐನೂರು ಬರಬೇಕಾದಲ್ಲಿ ಹದಿನೈದು ನೂರು ಬಂದ ಬಿಲ್ಲಿಗೆ ಆ ಭಾಗ್ಯವಿಲ್ಲ. ಅದರ ಪತ್ತೇದಾರಿಯನ್ನು ಮನೆಯವರೇ ಮಾಡಬೇಕು. ಸಮಾಧಾನವೆಂದರೆ, ಅದಕ್ಕೆ ಬೇಕಾದ ಸಲಕರಣೆಯನ್ನು ಕಂಪನಿಯೇ ಗೋಡೆಗೆ ಹೊಡೆದು ಹೋಗಿದೆ.

ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಅಚ್ಚಾದ ಸಂಖ್ಯೆ, ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ಟು ಎಂಬುದನ್ನು ಹೇಳುತ್ತದೆ. ಅದು 3200 ಎಂದುಕೊಳ್ಳಿ. ಮನೆಯಲ್ಲಿ ಫ್ರಿಜ್ಜೊಂದನ್ನೇ ಬಿಟ್ಟು ಎಲ್ಲ ಆರಿಸಿದಾಗ ದೀಪ ನಿಮಿಷಕ್ಕೆ ಆರು ಸಲ ಮಿಣುಕಿದರೆ ಫ್ರಿಜ್ಜು ಸುಮಾರು 112 ವಾಟ್ ಎಳೆಯುತ್ತಿದೆ ಎಂದಾಯಿತು. ಅದಕ್ಕೂ ಮೊದಲು ಮಾಡಬೇಕಾದ್ದು ಮೈನ್ ಸ್ವಿಚ್ಚನ್ನೇ ಆರಿಸಿ ನೋಡುವುದು. ದೀಪ ಸುಮ್ಮನಾದರೆ ಕಳ್ಳ ಒಳಗಿದ್ದಾನೆ. ಆಗಲೂ ಮಿಣುಕಿದರೆ ಮೀಟರಿನಲ್ಲೇ ದೋಷವಿರಬೇಕು, ಇಲ್ಲವೇ ಮೀಟರಿಗೂ ಮೈನಿಗೂ ನಡುವೆ ಯಾರದೋ ವೈರು ಸೇರಿರಬೇಕು. ಆಗ 1912ಕ್ಕೆ ಫೋನ್ ಮಾಡಿ ಚೆಕ್ ಮೀಟರ್ ಕೂರಿಸಲು ಕೇಳಬಹುದು. ಅಲ್ಲೂ ಬಗೆಹರಿಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಪ್ರತಿ ಕಂಪನಿಯಲ್ಲೂ ಇರಲೇಬೇಕಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಒಯ್ಯಬಹುದು.

ಮೀಟರಿನ ಮೇಲೆ ಇ.ಎಲ್. ಎಂಬ ಇನ್ನೊಂದು ಸಣ್ಣ ದೀಪವಿರುವುದುಂಟು. ಹೋದ ಕರೆಂಟೂ ಮರಳಿ ಬಂದ ಕರೆಂಟೂ ತಾಳೆಯಾಗದಿದ್ದಾಗ ಅದು ಹತ್ತುತ್ತದೆ. ಮೋಟಾರಿನ ಕೇಬಲ್ಲು ನೀರಿನಲ್ಲಿ ಬಿರುಕು ಬಿಟ್ಟಿರಬಹುದು, ಹಸಿ ಗೋಡೆಯೊಳಗಿನ ವೈರು ಸುಲಿದಿರಬಹುದು, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರೂ ನ್ಯೂಟ್ರಲ್ ಪಾಲಾಗದೆ ಉಳಿದಿರಬಹುದು. ಇಂಥದ್ದನ್ನು ವೈರ್‌ಮನ್‌ನಿಂದಲೇ ನೋಡಿಸಬೇಕು. ಬಿಲ್ಲಿಗಿಂತ ಮೊದಲು ಅದು ಜೀವದ ಪ್ರಶ್ನೆ.

ಮೈನ್ ಆರಿಸಿದಾಗ ದೀಪ ಸುಮ್ಮನಾಯಿತು ಎಂದಿಟ್ಟುಕೊಳ್ಳೋಣ. ಹಲವಾಗಲಿನಂಥ ಊರಲ್ಲಿ ಮೊದಲು ಹಿಡಿಯಬೇಕಾದ್ದು ಮೋಟಾರನ್ನು. ಕರ್ನಾಟಕದಲ್ಲಿ ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರೈತರು ಹಣ ಕಟ್ಟಬೇಕಿಲ್ಲ. ಹೊಲದಲ್ಲಿ ಕರೆಂಟು ಬಂದ ಕೂಡಲೇ ಮೋಟಾರ್ ಹಾಕಿ, ಹೋಗುವವರೆಗೂ ಬಿಡುವುದೇ ರೂಢಿ. ಅದೇ ಕೈ ಮನೆಯ ಬೋರಿನ ಸ್ವಿಚ್ಚನ್ನೂ ಒತ್ತುತ್ತದೆ. ಇಲ್ಲಿ ಮಾತ್ರ ಲೆಕ್ಕವಿದೆ: ಒಂದು ಎಚ್‌ಪಿ ಮೋಟಾರು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್ಟು. ಮಳೆಗಾಲದಲ್ಲಿ ನಲವತ್ತು ನಿಮಿಷಕ್ಕೆ ತುಂಬುತ್ತಿದ್ದ ಸಿಂಟೆಕ್ಸು, ಬೋರಿನ ನೀರು ಕೆಳಗಿಳಿದ ಏಪ್ರಿಲ್‌ನಲ್ಲಿ ಒಂದೂವರೆ ಗಂಟೆ ಹಿಡಿದರೆ ತಿಂಗಳಿಗೆ ಇಪ್ಪತ್ತೈದು ಯೂನಿಟ್ಟು ಸದ್ದಿಲ್ಲದೆ ಸೇರಿತು. ಪೈಪಿನ ವಾಲ್ವು ಸೋರಿ ಏರಿದ ನೀರು ಮತ್ತೆ ಬೋರಿಗೇ ಇಳಿಯುತ್ತಿದ್ದರೂ, ಮೇಲೆ ಕಕ್ಕಸಿನ ಟ್ಯಾಂಕು ಹನಿಯುತ್ತಿದ್ದರೂ ಫಲ ಒಂದೇ. ಮನೆಯವರ ಕಣ್ಣಿಗೆ ಕಾಣುವುದು "ಮೊದಲಿನಂಗ ದಿನಾ ಒಂದ್ಸಲ ಹಾಕ್ತೀವಿ" ಎಂಬುದಷ್ಟೇ. ಎಷ್ಟು ಸಲ ಹಾಕಿದರೆಂದು ಮೀಟರು ಎಣಿಸುವುದಿಲ್ಲ, ಎಷ್ಟು ಹೊತ್ತು ಓಡಿತೆಂದು ಎಣಿಸುತ್ತದೆ.

ಎರಡನೆಯದು ಫ್ರಿಜ್ಜು. ಸುಸ್ಥಿತಿಯಲ್ಲಿದ್ದರೆ ಅದು ಆಗಾಗ ನಿಂತು ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಬಾಗಿಲಿನ ರಬ್ಬರು ಸಡಿಲಾದರೆ ನಿಲ್ಲುವುದನ್ನೇ ಮರೆಯುತ್ತದೆ. ನೂರು ವಾಟಿನ ಕಂಪ್ರೆಸರ್ ಇಪ್ಪತ್ತನಾಲ್ಕು ಗಂಟೆ ಓಡಿದರೆ ತಿಂಗಳಿಗೆ 72 ಯೂನಿಟ್ಟು. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರು ಹೋಗಿದೆ ಎಂದರ್ಥ.

ಆಮೇಲಿನದು ಬಿಸಿನೀರು. ಹಂಡೆಯ ಒಲೆಗೆ ಮೆಕ್ಕೆಜೋಳದ ಬೆಂಡು ತುರುಕುತ್ತಿದ್ದ ಮನೆ ಬಕೆಟ್ಟಿಗೆ ಕಾಯಿಲ್ ಇಳಿಬಿಡತೊಡಗಿದರೆ, 1500 ವಾಟಿನ ಆ ಕಾಯಿಲ್ ನಲವತ್ತು ನಿಮಿಷಕ್ಕೊಂದು ಯೂನಿಟ್ಟು ನುಂಗುತ್ತದೆ. ಐದು ಜನರ ಸ್ನಾನಕ್ಕೆ ಎಷ್ಟೆಂದು ಮನೆಯವರೇ ಗುಣಿಸಿಕೊಳ್ಳಲಿ.

ದೇವರ ಕೋಣೆಯ ಜೀರೋ ಬಲ್ಬಿನ ಕಥೆ ಬೇರೆಯೇ. ಅದು ಸೊನ್ನೆ ಕರೆಂಟು ತಿನ್ನುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿ. ಚಕ್ರ ತಿರುಗುವ ಹಳೆಯ ಮೀಟರುಗಳಿಗೆ ಅಷ್ಟು ಸಣ್ಣ ಭಾರ ತಟ್ಟುತ್ತಿರಲಿಲ್ಲ, ನಂಬಿಕೆ ಅಲ್ಲಿಂದ ಬೆಳೆಯಿತು. ಹಳೇ ಮಾದರಿಯ ಜೀರೋ ಬಲ್ಬು ಹದಿನೈದು ವಾಟಿನ ಸುಮಾರಿನದು. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಹನ್ನೊಂದು ಯೂನಿಟ್ಟಿನ ಹತ್ತಿರ ಬರುತ್ತದೆ, ಎಲೆಕ್ಟ್ರಾನಿಕ್ ಮೀಟರು ಅದನ್ನು ಬಿಡದೆ ಹಿಡಿಯುತ್ತದೆ. ರಿಮೋಟಿನಿಂದ ಆರಿಸಿದ ಟಿವಿಯ ಕೆಳಗೆ ಬೆಚ್ಚಗೇ ಕೂತ ಸೆಟ್‌ಟಾಪ್ ಬಾಕ್ಸೂ ಇದೇ ಜಾತಿಯದು. "ಹೊಸ ಮೀಟರ್ ಹಾಕಿದ ಮ್ಯಾಲೆ ಬಿಲ್ ಜಾಸ್ತಿ ಆತು" ಎಂಬ ಮಾತಿನಲ್ಲಿ ನಿಜವಿದೆ. ಹೊಸ ಮೀಟರು ಜೋರಾಗಿ ಓಡುತ್ತಿದೆ ಎಂದಲ್ಲ, ಹಳೆಯದಕ್ಕೆ ಕಣ್ಣು ಮಂಜಾಗಿತ್ತು.

ಇಷ್ಟನ್ನೆಲ್ಲ ಹುಡುಕಿ, ರಬ್ಬರು ಬದಲಿಸಿ, ವಾಲ್ವು ತಿದ್ದಿ, ಬಲ್ಬು ತೆಗೆದು ಯೂನಿಟ್ಟನ್ನು 200ರ ಕೆಳಗೆ ತಂದ ಮನೆಯಲ್ಲೂ ಚೀಟಿಯ ಕೆಲವು ಸಾಲಿನ ದರ ಅಲುಗುವುದಿಲ್ಲ. ಮಂಜೂರಾದ ಪ್ರತಿ ಕಿಲೋವಾಟಿಗೆ ನಿಗದಿತ ಶುಲ್ಕ 2025ರ ಏಪ್ರಿಲ್‌ನಿಂದ 145 ರೂಪಾಯಿ ಆಯಿತು. ಯೂನಿಟ್ಟಿನ ಹಣದ ಮೇಲೆ ನೂರಕ್ಕೆ ಒಂಬತ್ತು ತೆರಿಗೆ. ಅದೇ ಏಪ್ರಿಲ್‌ನಿಂದ ಪ್ರತಿ ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿತು. ಇದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ. ನೂರು ಯೂನಿಟ್ಟಿಗೆ 36 ರೂಪಾಯಿಯಾದ ಈ ಬಾಬ್ತಿಗೆ ಮೈನ್ ಸ್ವಿಚ್ಚಿನ ಪರೀಕ್ಷೆ ನಾಟುವುದಿಲ್ಲ. ಊರಿಗೆ ಕಂಬ ನೆಟ್ಟು, ಮಳೆಯಲ್ಲಿ ಫ್ಯೂಸು ಕಟ್ಟಿ ನಿವೃತ್ತರಾದ ಲೈನ್‌ಮನ್ ಒಬ್ಬರು ಕಟ್ಟೆಯ ಆ ಚರ್ಚೆಯಲ್ಲಿ ಕೂತಿದ್ದರೆ, ಚೀಟಿ ಇಸಿದುಕೊಂಡು ಕನ್ನಡಕ ಏರಿಸಿ, "ಇದರಾಗ 36 ಪೈಸಾದ ಬಗ್ಗೆ ನನ್ನ ಕೇಳ್ರಿ, ಉಳಿದದ್ದು ನಿಮ್ಮ ಮೋಟಾರಿಗೆ ಕೇಳ್ರಿ" ಎನ್ನಲು ಅಡ್ಡಿಯೇನಿಲ್ಲ.